ಮಹಾರಾಣಿಯ ಮೀಸೆ

ಮಾರ್ಚ್ 3

ಈ ಡೈರಿಯನ್ನು ಹೊಸ ವರ್ಷಕ್ಕೆ ಕೊಟ್ಟವನು ಕನ್ನಡಕದಂಗಡಿ ಇಟ್ಟಿರುವ ನನ್ನ ಭಾವಮೈದುನ. ಇಷ್ಟು ದಿನ ಹಳೆಯ ಪೇಪರುಗಳ ಅಡಿಯಲ್ಲಿ ಬಿದ್ದಿತ್ತು. ಪ್ರತಿ ಪುಟದ ಕೆಳಗೂ 'ನಿಮ್ಮ ಕಣ್ಣು ಪರೀಕ್ಷಿಸಿಕೊಂಡಿರಾ?' ಎಂದು ಅಚ್ಚು ಹಾಕಿಸಿದ್ದಾನೆ. ಪುಕ್ಕಟೆ ಕೊಡುವುದರಲ್ಲೂ ಗಿರಾಕಿ ಹಿಡಿಯುವ ಆಸಾಮಿ. ದಾರಿಯಲ್ಲಿ ಸಿಕ್ಕವರಿಗೆಲ್ಲ ಕನ್ನಡಕ ಏರಿಸದಿದ್ದರೆ ಅವನಿಗೆ ನಿದ್ದೆ ಬರುವುದಿಲ್ಲ. ನನ್ನ ಮೂಗಿನ ಮೇಲೂ ಅವನಿಗೆ ಬಹಳ ದಿನದಿಂದ ಕಣ್ಣಿದೆ.

ಬರೆಯಲು ಹೇಳಿದ್ದು ಇವಳು. "ದಿನಾ ಸಂಜೆ ಬಂದು ನನ್ನ ತಲೆ ತಿನ್ನೋ ಬದಲು ಅದನ್ನೆಲ್ಲ ಬರೆದಿಡ್ರೀ. ಡೈರಿಗೆ ತಲೆನೋವು ಬರಲ್ಲ" ಎಂದಳು. ಹೆಂಡತಿ ಇಷ್ಟು ಪ್ರೀತಿಯಿಂದ ಹೇಳಿದ ಮೇಲೆ ಬರೆಯದೆ ಇರಲು ಆಗುತ್ತದೆಯೇ.

ಇವತ್ತು ದೋಣಿಯವನು ಒಂದು ಹೆಣ್ಣು ಸೀಲನ್ನು, ಅದೇ ಮೀಸೆಯ ಕಡಲುನಾಯಿಯನ್ನು, ತಂದು ಹಾಕಿದ. ಬಲೆಗೆ ಸಿಕ್ಕಿಬಿದ್ದಿತ್ತಂತೆ. ನಮ್ಮ ಆರೈಕೆ ಕೇಂದ್ರಕ್ಕೆ ಕಡಲ ಪ್ರಾಣಿಗಳು ಬರುವುದೇ ಹೀಗೆ, ಬಲೆ ಸುತ್ತಿಕೊಂಡ ಆಮೆ, ಎಣ್ಣೆ ಮೆತ್ತಿಕೊಂಡ ಹಕ್ಕಿ. ಅವಕ್ಕೆಲ್ಲ ಮೀನು ಆರಿಸಿ, ಕತ್ತರಿಸಿ ಬಡಿಸುವ ಮೀನುಕೋಣೆ ನನ್ನದು. ಇಲ್ಲಿಗೆ ಬರುವ ಮೊದಲು ಬಂದರುಕಟ್ಟೆಯಲ್ಲಿ ಮೀನು ತಪಾಸಣೆ ಮಾಡುತ್ತಿದ್ದೆ. ಬುಟ್ಟಿ ದೋಣಿಯಿಂದ ಇಳಿಯುವಾಗಲೇ, ದೂರದಿಂದಲೇ, ಇದು ನಿನ್ನೆಯದು ಇದು ಇವತ್ತಿನದು ಎಂದು ಹೇಳಿಬಿಡುತ್ತಿದ್ದೆ. ಹಾಗಾಗಿ ಎಲ್ಲರೂ ನನ್ನನ್ನು ಕರೆಯುವುದು ಹದ್ದಣ್ಣ ಎಂದು. ಹೆಸರು ನಾನಾಗಿ ಇಟ್ಟುಕೊಂಡದ್ದಲ್ಲ, ಜನ ಕೊಟ್ಟದ್ದು.

ಸೀಲಿನ ಎಡ ಮೂಗಿನ ಹೊಳ್ಳೆಯನ್ನು ಬಲೆ ಸೀಳಿದೆ. ಅದು ಉಸಿರು ಬಿಟ್ಟರೆ 'ಪುಸ್ಸ್' ಎಂದು, ಹಿಂದೆಯೇ ಸಣ್ಣಗೆ ಸಿಳ್ಳೆ. ಅದಕ್ಕಿಂತ ದೊಡ್ಡ ಸಂಗತಿ, ಎರಡು ಕಣ್ಣೂ ಬೇಯಿಸಿದ ಮೀನಿನ ಕಣ್ಣಿನ ಹಾಗೆ ಬೆಳ್ಳಗಾಗಿವೆ.

"ಇದು ಹಳೇ ಕುರುಡು. ವರ್ಷಗಳೇ ಆಗಿರಬೇಕು" ಎಂದರು ಡಾಕ್ಟರಮ್ಮ. ನಮ್ಮ ಕೇಂದ್ರದ ಪಶುವೈದ್ಯೆ ಅವರು. ವಯಸ್ಸಿನಲ್ಲಿ ನನ್ನ ಮಗಳಷ್ಟು, ಮಾತಿನಲ್ಲಿ ನನ್ನ ಅಜ್ಜಿಯಷ್ಟು.

"ಕಣ್ಣಿಲ್ಲದೆ ಇಷ್ಟು ವರ್ಷ ಏನು ತಿಂದ್ಲಂತೆ, ಗಾಳಿಯಾ?"

"ಮೀನು. ಮೈ ಮುಟ್ಟಿ ನೋಡಿ ಹದ್ದಣ್ಣ, ಎಷ್ಟು ಕೊಬ್ಬಿದೆ."

ಮುಟ್ಟಿ ನೋಡಿದೆ. ಕೊಬ್ಬು ಇದ್ದದ್ದು ನಿಜ. ಬೇರೆ ಯಾವುದೋ ಪುಣ್ಯಾತ್ಮ ಸೀಲು ಇವಳಿಗೆ ಮೀನು ತಂದು ಹಾಕುತ್ತಿದ್ದಿರಬೇಕು ಎಂದೆ. ಯಾರೂ ನಗಲಿಲ್ಲ.

ಮಾರ್ಚ್ 5

ಇವಳಿಗೆ, ಅಂದರೆ ಸೀಲಿಗೆ, ಮಹಾರಾಣಿ ಎಂದು ಹೆಸರಿಟ್ಟೆ. ಮೀನನ್ನು ಬಾಯಿಯ ಹತ್ತಿರ ಹಿಡಿದರೆ ಮುಖ ತಿರುಗಿಸುತ್ತಾಳೆ. ಬಾಲದ ಕಡೆ ಹಿಡಿದು, ನೀರಿನಲ್ಲಿ ಎರಡು ಸಲ ಆಡಿಸಿ, ಆಮೇಲೆ ಕೊಡಬೇಕು. ಆಗ ಮೂತಿಯ ಮೀಸೆಯನ್ನೆಲ್ಲ ಮುಂದಕ್ಕೆ ಚಾಚಿ ಕೃಪೆ ಮಾಡುತ್ತಾಳೆ.

ಮೀಸೆಯ ಬಗ್ಗೆ ಡಾಕ್ಟರಮ್ಮನ ಉಪನ್ಯಾಸ ಆಯಿತು. ಸೀಲು ಕತ್ತಲ ನೀರಿನಲ್ಲೂ ಮೀನು ಹುಡುಕುವುದು ಮೀಸೆಯಿಂದಲಂತೆ. "ಮೀನು ಈಜಿ ಹೋದ ಮೇಲೂ ನೀರಲ್ಲಿ ಅದರ ದಾರಿ ಸ್ವಲ್ಪ ಹೊತ್ತು ಉಳಿದಿರುತ್ತೆ ಹದ್ದಣ್ಣ. ಸಣ್ಣ ಸಣ್ಣ ಸುಳಿ. ನಮಗೆ ಗೊತ್ತಾಗಲ್ಲ. ಇವಳ ಮೀಸೆಗೆ ಗೊತ್ತಾಗುತ್ತೆ. ಆ ದಾರಿ ಹಿಡ್ಕೊಂಡು ಹೋಗ್ತಾಳೆ."

"ಮೀಸೆಯಿಂದ ಮೀನು ಸಿಗೋ ಹಾಗಿದ್ರೆ ನಮ್ಮ ದೋಣಿಯವನು ಬಲೆ ಯಾಕೆ ಹೊತ್ಕೊಂಡು ತಿರುಗ್ತಿದ್ದ?" ಎಂದೆ. ಅವನ ಮೀಸೆ ಎರಡು ಕೆನ್ನೆಯನ್ನೂ ದಾಟಿ ಕಿವಿಯ ಕಡೆಗೆ ಹೊರಟಿದೆ. ಅವನೂ ನಕ್ಕ. ಡಾಕ್ಟರಮ್ಮ ಮಾತ್ರ ನನ್ನ ಕಿವಿಯ ಮೇಲೆ ಹೂ ಇಟ್ಟೇ ತೀರುವ ಹಟದಲ್ಲಿ ಇದ್ದಂತೆ ಕಂಡಿತು.

ಮನೆಯಲ್ಲಿ ಗುಂಗುರು ಹುಳುಗಳ ಕಾಟ ಶುರುವಾಗಿದೆ. ಕಪ್ಪು ಚುಕ್ಕೆಗಳ ಹಾಗೆ ಮುಖದ ಮುಂದೆಯೇ ಹಾರುತ್ತವೆ, ಹೊಡೆಯಲು ಹೋದರೆ ತಪ್ಪಿಸಿಕೊಳ್ಳುತ್ತವೆ. ಹಣ್ಣು ತೆರೆದಿಡಬೇಡ ಎಂದು ಹೆಂಡತಿಗೆ ಹೇಳಿದೆ. "ಮನೇಲಿ ಹಣ್ಣೂ ಇಲ್ಲ, ಗುಂಗುರೂ ಇಲ್ಲ" ಎಂದಳು. ಇವಳಿಗೆ ವಯಸ್ಸಾಯಿತು.

ಮಾರ್ಚ್ 9

ದೊಡ್ಡವರು, ಅಂದರೆ ಕೇಂದ್ರದ ಮುಖ್ಯಸ್ಥರು, ಮಹಾರಾಣಿಯ ಹಣೆಬರಹ ಬರೆದರು. ಕೈಯಿಂದ ತಿನ್ನಿಸುವುದು ನಿಲ್ಲಿಸಿ ಕೊಳಕ್ಕೆ ಜೀವಂತ ಮೀನು ಬಿಡಬೇಕು. ತಿಂಗಳ ಕೊನೆಯೊಳಗೆ ತಾನಾಗಿ ಹಿಡಿದು ತಿಂದಳೋ, ಕಡಲಿಗೆ ವಾಪಸು. ಇಲ್ಲವೋ, ಒಂದು ದೊಡ್ಡ ಹೋಟೆಲಿನ ಆಟದ ಕೊಳಕ್ಕೆ. ಅಲ್ಲಿ ಮೂಗಿನ ಮೇಲೆ ಚೆಂಡು ಇಟ್ಟುಕೊಂಡು ಜೀವನ.

"ತಿಂದ್ಲಾ ಇಲ್ವಾ ಅಂತ ಹೇಳೋರು ಯಾರು?" ಎಂದು ಡಾಕ್ಟರಮ್ಮ ಕೇಳಿದರು.

"ಹದ್ದಣ್ಣ ಇದ್ದಾರಲ್ಲ. ಅವರ ಕಣ್ಣು ತಪ್ಪಿಸಿ ಒಂದು ಸೀಗಡಿಯೂ ಓಡಾಡಲ್ಲ" ಎಂದರು ದೊಡ್ಡವರು.

ಹೊಗಳಿಕೆ ಅಲ್ಲ, ಇದ್ದ ವಿಷಯ. ಆದರೂ ಕೇಳಲು ಹಿತವಾಗಿತ್ತು.

ನನ್ನ ಅಭಿಪ್ರಾಯ ಯಾರೂ ಕೇಳಲಿಲ್ಲ, ಇಲ್ಲಿ ಬರೆಯುತ್ತೇನೆ. ಕುರುಡಿಯನ್ನು ಕಡಲಿಗೆ ಬಿಡುವುದು ಕೊಲೆ. ಹೋಟೆಲಿನಲ್ಲಿ ಮರ್ಯಾದೆ ಹೋದರೂ ಹೊಟ್ಟೆಗಾದರೂ ಬೀಳುತ್ತದೆ. ಕಣ್ಣು ಹೋದ ಮೇಲೆ ಯಾರಾದರೂ ಬಡಿಸಿದ್ದನ್ನು ತಿಂದುಕೊಂಡು ಮೂಲೆಯಲ್ಲಿ ಇರಬೇಕಪ್ಪ, ಬೇರೆ ದಾರಿ ಏನಿದೆ?

ಮನೆಗೆ ಬಂದರೆ ಬಿಸ್ಕತ್ತಿನ ಡಬ್ಬಿ ಮಾಯ. ಸಕ್ಕರೆ ಕಾಯಿಲೆ ಇರುವವನ ಕೈಗೆ ಸಿಗದ ಹಾಗೆ ಬಚ್ಚಿಟ್ಟಿದ್ದಾಳಂತೆ. ಮೆಟ್ಟಿಲಿನ ಅಂಚಿಗೆಲ್ಲ ಕೆಂಪು ಪಟ್ಟಿ ಬೇರೆ ಅಂಟಿಸಿದ್ದಾಳೆ. ಯಾಕೆ ಎಂದರೆ, ಚೆಂದಕ್ಕೆ ಎಂದಳು. ಚೆಂದವಂತೂ ಇಲ್ಲ. ಮೆಟ್ಟಿಲು ಚೆನ್ನಾಗಿ ಗೊತ್ತಾಗುತ್ತದೆ, ಅಷ್ಟೇ.

ಮಾರ್ಚ್ 10

ಬಸ್‌ಸ್ಟಾಪಿನಲ್ಲಿ ಇವಳು ನೀಲಿ ಕೊಡೆ ಹಿಡಿದು ನಿಂತಿದ್ದಳು. ಬಿಸ್ಕತ್ತಿನ ವಿಷಯವಾಗಿ ಮನಸ್ಸಿನಲ್ಲಿ ಇದ್ದುದನ್ನೆಲ್ಲ ಅಲ್ಲೇ ಹೇಳಿದೆ. ನಿನ್ನ ತಮ್ಮನ ಬುದ್ಧಿಯೇ ನಿನಗೂ ಬಂದಿದೆ ಎಂದೂ ಹೇಳಿದೆ. ಕೊಡೆ ನನ್ನ ಕಡೆಗೆ ತಿರುಗಿತು. ಕೊನೆಗೆ ಆಕೆ, "ನೀವು ಯಾರು ಅಂತ ಗೊತ್ತಾಗ್ಲಿಲ್ಲ, ಆದ್ರೆ ನನಗೆ ತಮ್ಮ ಇಲ್ಲ" ಎಂದರು.

ಈ ಊರಿನಲ್ಲಿ ಎಲ್ಲರೂ ಒಂದೇ ಬಣ್ಣದ ಕೊಡೆ ಕೊಳ್ಳುತ್ತಾರೆ. ಜನಕ್ಕೆ ಸ್ವಂತ ಅಭಿರುಚಿ ಅನ್ನುವುದೇ ಇಲ್ಲ.

ಮಾರ್ಚ್ 14

ಪರೀಕ್ಷೆ ಶುರುವಾಗಿ ಕೆಲವು ದಿನಗಳಾದವು. ಮಧ್ಯಾಹ್ನ ದೋಣಿಯವನು ಪೀಪಾಯಿಯಲ್ಲಿ ಜೀವಂತ ಮೀನು ತಂದು ಕೊಳಕ್ಕೆ ಸುರಿಯುತ್ತಾನೆ. ನಾನು ಕುರ್ಚಿ ಹಾಕಿಕೊಂಡು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು, ಹೊತ್ತು ಇಳಿಯುವವರೆಗೆ ಕಾಯುತ್ತೇನೆ. ಬಂದರಿನಿಂದ ಬರುವ ನೀರು, ಕಲಕಿದ ಚಹಾದ ಬಣ್ಣ. ಬೇರೆಯವರಿಗೆ ಏನೂ ಕಾಣುವುದಿಲ್ಲ. ನನಗೆ ಕಾಣುತ್ತದೆ. ಕಪ್ಪಗೆ, ಸಣ್ಣಗೆ, ಅತ್ತಿಂದಿತ್ತ ಓಡಾಡುತ್ತಲೇ ಇರುತ್ತವೆ. ನಾನು ಎತ್ತ ನೋಡಿದರೆ ಅತ್ತ ಬರುತ್ತವೆ, ಅಷ್ಟು ಸಲುಗೆ. ಒಂದೂ ಕಡಿಮೆಯಾಗಿಲ್ಲ.

ಪಾಪ, ಮಹಾರಾಣಿ ಕೆಳಗೆಲ್ಲೋ ಸುತ್ತುತ್ತಾಳೆ. ಆಗಾಗ 'ಚಪ್' ಎಂದು ಸದ್ದು. ಆಮೇಲೆ ಮೇಲೆ ಬಂದು 'ಪುಸ್ಸ್', ಸಿಳ್ಳೆ, ಮತ್ತೆ 'ಪುಸ್ಸ್', ಸಿಳ್ಳೆ. ಎರಡೆರಡು ಸಲ. ಹತಾಶೆ, ಮತ್ತೇನು. ಕೇಳಲಾಗುವುದಿಲ್ಲ.

ವಿಚಿತ್ರವೆಂದರೆ ಇವತ್ತು ತೂಕ ಹಾಕಿದಾಗ ಜಾಸ್ತಿಯಾಗಿದ್ದಾಳೆ. ಡಾಕ್ಟರಮ್ಮ ತಕ್ಕಡಿಯನ್ನೂ ನನ್ನನ್ನೂ ಒಂದೇ ರೀತಿ ನೋಡಿದರು. ಆಮೇಲೆ ಕೊಳಕ್ಕೆ ಬಗ್ಗಿ, "ನನಗೆ ಒಂದೂ ಮೀನು ಕಾಣ್ತಿಲ್ಲ ಹದ್ದಣ್ಣ" ಎಂದರು.

"ನಿಮ್ಮದು ಪುಸ್ತಕ ಓದಿದ ಕಣ್ಣು ಡಾಕ್ಟರಮ್ಮ. ಇದಕ್ಕೆ ಬಂದರಿನ ಕಣ್ಣು ಬೇಕು" ಎಂದೆ.

ಕೊಳ ಖಾಲಿ ಮಾಡಿ ನೋಡೋಣವೆಂದರೆ ಪಂಪು ಕೆಟ್ಟು ಕೂತಿದೆ. ಬಲೆ ಬೀಸೋಣವೆಂದರೆ ಬಲೆಯ ಸದ್ದಿಗೇ ಮಹಾರಾಣಿ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಾಳೆ. ಒಟ್ಟಿನಲ್ಲಿ ನನ್ನ ಕಣ್ಣೇ ಗತಿ. ಇರಲಿ, ಅಷ್ಟು ಸೇವೆ ಮಾಡೋಣ.

ಮಾರ್ಚ್ 19

ಹೋಟೆಲಿನವನು ಬಂದಿದ್ದ. ಸುಗಂಧ ಪೂಸಿಕೊಂಡು ಬಂದವನು ಮೀನುಕೋಣೆಯ ಬಾಗಿಲಲ್ಲಿ ಉಸಿರು ಹಿಡಿದು ನಿಂತ. ಮಹಾರಾಣಿಯನ್ನು ಎಲ್ಲ ಕಡೆಯಿಂದ ನೋಡಿ, "ಮುಖ ಪರವಾಗಿಲ್ಲ. ಕಣ್ಣಿಗೆ ಒಂದು ಬಣ್ಣದ ಕನ್ನಡಕ ಹಾಕಿದ್ರೆ ಮಕ್ಕಳಿಗೆ ಖುಷಿಯಾಗುತ್ತೆ" ಎಂದ. ನನ್ನ ಭಾವಮೈದುನನನ್ನು ಮೀರಿಸುವವರೂ ಲೋಕದಲ್ಲಿ ಇದ್ದಾರೆ.

ಆಮೇಲೆ ಹೇಳಿದ, "ಈ ಮೀಸೆ ಮಾತ್ರ ಕತ್ತರಿಸಬೇಕು. ಫೋಟೋ ತೆಗೆಸ್ಕೊಳ್ಳೋರಿಗೆ ಚುಚ್ಚುತ್ತೆ."

ನನಗೆ ಯಾಕೋ ಮೈ ಉರಿದುಹೋಯಿತು. ಮೀಸೆಯಿಂದ ಮೀನು ಹಿಡಿಯುತ್ತಾಳೆ ಎನ್ನುವುದನ್ನು ನಾನು ನಂಬುವುದಿಲ್ಲ, ಅದು ಬೇರೆ ಮಾತು. ಆದರೆ ಒಬ್ಬರ ಮೀಸೆ ಕತ್ತರಿಸಲು ಇವನು ಯಾರು? "ಮೊದಲು ನಮ್ಮ ದೋಣಿಯವನ ಮೀಸೆ ಕತ್ತರಿಸಿ ತೋರಿಸಿ ಸ್ವಾಮಿ, ಆಮೇಲೆ ಇವಳ ಹತ್ರ ಬನ್ನಿ" ಎಂದೆ. ದೋಣಿಯವನು ಬಾಗಿಲ ಹತ್ತಿರವೇ ಹುಟ್ಟು ಹಿಡಿದು ನಿಂತಿದ್ದ. ಹೋಟೆಲಿನವನು ಮಾತು ಬದಲಿಸಿದ.

ಹೋಗುವಾಗ ನನ್ನ ಕೈ ಕುಲುಕಿ, "ನಿಮ್ಮ ಒಂದು ಮಾತು ಸಾಕು. ಇವಳು ತಿನ್ನಲಿಲ್ಲ ಅಂತ ನೀವು ಹೇಳಿದ್ರೆ ಲಾರಿ ಕಳಿಸ್ತೀನಿ" ಎಂದ. ನನ್ನ ಮನಸ್ಸಿನಲ್ಲಿ ಇದ್ದುದನ್ನೇ ಅವನೂ ಹೇಳಿದ್ದು. ಆದರೂ ಅವನ ಬಾಯಿಂದ ಕೇಳಿ ಹಿಡಿಸಲಿಲ್ಲ. ಕೈ ತೊಳೆದುಕೊಂಡೆ.

ಮಾರ್ಚ್ 20

ಡಾಕ್ಟರಮ್ಮ ಮಕ್ಕಳಾಟದ ಸಬ್‌ಮರೀನು ತಂದಿದ್ದರು. ಮಹಾರಾಣಿಯ ಗದ್ದವನ್ನು ನೀರಿನ ಮೇಲೆ ಅಂಗೈಯಲ್ಲಿ ಹಿಡಿದುಕೊಂಡು, ನನ್ನಿಂದ ಕೀಲಿ ಕೊಡಿಸಿ ಆಟಿಕೆ ಬಿಡಿಸಿದರು. ಅದು ಗುರ್ ಎಂದು ಹೋಗಿ, ಎಡಕ್ಕೆ ತಿರುಗಿ, ಗೋಡೆಯ ಹತ್ತಿರ ಸುಮ್ಮನಾಯಿತು. ದೋಣಿಯವನು ಎತ್ತಿಕೊಂಡ. ಆಮೇಲೆ ಮಹಾರಾಣಿಯನ್ನು ಬಿಟ್ಟರು. ಒಳ್ಳೆಯ ಬಿಸಿಲಿತ್ತು, ಅವಳ ದೊಡ್ಡ ಬೆನ್ನು ನನಗೂ ಕಾಣುತ್ತಿತ್ತು. ಆಟಿಕೆ ಎಲ್ಲಿ ತಿರುಗಿತ್ತೋ ಅಲ್ಲೇ ತಿರುಗಿ, ಎಲ್ಲಿ ನಿಂತಿತ್ತೋ ಅಲ್ಲೇ ಹೋಗಿ ಗೋಡೆಯನ್ನು ಮೂಸಿದಳು.

"ಸದ್ದು ಕೇಳಿಸ್ಕೊಂಡಿರ್ತಾಳೆ" ಎಂದೆ.

"ಅವಳು ಹೊರಟಾಗ ಸದ್ದು ನಿಂತೇ ಹೋಗಿತ್ತಲ್ಲ?"

"ನೆನಪಿಟ್ಕೊಂಡಿರ್ತಾಳೆ."

"ಹದ್ದಣ್ಣ, ನೀವು ಯಾವುದನ್ನ ಒಪ್ಕೋತೀರಿ?" ಎಂದು ಕೇಳಿದರು. ಕೋಪವಿರಲಿಲ್ಲ. ದೊಡ್ಡವರು ಮಾತ್ರ ನನ್ನ ಕಡೆಗೇ ಇದ್ದರು. "ಆಟಿಕೆ ಹಿಂದೆ ಹೋದ್ರೆ ಹೊಟ್ಟೆ ತುಂಬುತ್ತಾ? ಮೀನು ಹಾಗೇ ಉಳಿದಿವೆ ಅಂತ ಹದ್ದಣ್ಣ ಹೇಳ್ತಿದ್ದಾರಲ್ಲ" ಎಂದರು. ನನಗೆ ಸಂತೋಷವಾಗಬೇಕಿತ್ತು.

ಡಾಕ್ಟರಮ್ಮ ಹೊರಡುವಾಗ, "ಮನೇಲಿ ಎಲ್ಲ ಹೇಗಿದ್ದೀರಿ? ನಿಮ್ಮ ಸಕ್ಕರೆ ಕಾಯಿಲೆ ಹೇಗಿದೆ?" ಎಂದರು. ಸೀಲಿನ ವಿಷಯ ಮಾತಾಡುವಾಗ ನನ್ನ ಸಕ್ಕರೆ ಯಾಕೆ ಬರಬೇಕೋ.

ಮಾರ್ಚ್ 23

ಮಹಾರಾಣಿಯ ತೂಕ ಮತ್ತೆ ಏರಿದೆ. ನಾನು ಕದ್ದು ತಿನ್ನಿಸುತ್ತಿದ್ದೇನೆ ಎಂದು ಗುಸುಗುಸು. ದೊಡ್ಡವರು ಬಹಳ ಸಂಕೋಚದಿಂದ ಮೀನುಕೋಣೆಯ ಬೀಗದ ಕೈ ಕೇಳಿ ತೆಗೆದುಕೊಂಡರು. ಇಷ್ಟು ವರ್ಷದ ಕೆಲಸದಲ್ಲಿ ನನ್ನ ಮೇಲೆ ಯಾರೂ ಬೆರಳು ತೋರಿಸಿರಲಿಲ್ಲ. ಅಳು ಬರುವಷ್ಟು ಅವಮಾನವಾಯಿತು.

ಡೈರಿಯ ಈ ಪುಟಗಳಲ್ಲಿ ಕೆಳಗಿನ ಸಾಲು ಅಚ್ಚಾಗಿಲ್ಲ. ಮಸಿ ಉಳಿಸಿದ್ದಾನೆ, ಜಿಪುಣ.

ಮಾರ್ಚ್ 24

ಮನೆಯಲ್ಲಿ ದೀಪಗಳೂ ಸರಿಯಿಲ್ಲ. ಇವಳು ಪೇಪರನ್ನು ಗಟ್ಟಿಯಾಗಿ ಓದುತ್ತಾಳೆ. ಬೇಡ ಎನ್ನಬೇಕು ಎಂದುಕೊಂಡೆ, ಓದುವುದು ಚೆನ್ನಾಗಿತ್ತು, ಬಿಟ್ಟೆ.

ಮಾರ್ಚ್ 26

ಕೈ ತೊಳೆಯುವಾಗ ಬಲಗಣ್ಣಿಗೆ ಸೋಪು ಹೋಯಿತು. ಆ ಕಣ್ಣು ಮುಚ್ಚಿಕೊಂಡೇ ಬಂದು ಕೊಳದ ಹತ್ತಿರ ಕುಳಿತೆ.

ಕೊಳದಲ್ಲಿ ಒಂದೂ ಮೀನಿಲ್ಲ.

ಕಣ್ಣು ತೆರೆದೆ. ಎಲ್ಲ ಬಂದವು. ಮುಚ್ಚಿದೆ. ಹೋದವು. ತೆರೆದು ಆಕಾಶ ನೋಡಿದೆ. ಅಲ್ಲೂ ಈಜುತ್ತಿದ್ದವು. ಕಚೇರಿಯ ಬಿಳಿ ಗೋಡೆ ನೋಡಿದೆ. ಅಲ್ಲೂ.

ಇದಕ್ಕೆ ಬೇರೆ ಕಾರಣ ಇರಬಹುದು. ಸೋಪಿನಲ್ಲಿ ಏನೇನು ಹಾಕುತ್ತಾರೋ ಈಗ.

ಮನೆಗೆ ಬಂದು ಸುಮ್ಮನೆ ಕುಳಿತೆ. "ಗುಂಗುರು ಕಮ್ಮಿಯಾಯ್ತಾ?" ಎಂದು ಇವಳು ಕೇಳಿದಳು. ಇಲ್ಲ ಎಂದೆ. ಇವಳು ಬಂದು ಪಕ್ಕದಲ್ಲಿ ಕುಳಿತಳು, ಮತ್ತೇನೂ ಕೇಳಲಿಲ್ಲ. ಇವಳು ಕೇಳದೆ ಸುಮ್ಮನಿದ್ದರೆ ನನಗೆ ಹೆದರಿಕೆಯಾಗುತ್ತದೆ.

ಮಾರ್ಚ್ 27

ನಾಳೆ ಸಭೆ. ಹೋಟೆಲಿನವನು ಲಾರಿ ಸಮೇತ ಬರುತ್ತಾನೆ.

ಸಂಜೆ ಎಲ್ಲರೂ ಹೋದ ಮೇಲೆ ಅಂಗಿಯ ತೋಳು ಮಡಚಿ ಕೊಳದ ಅಂಚಿನಲ್ಲಿ ಬಗ್ಗಿದೆ. ಯಾಕೆ ಹಾಗೆ ಮಾಡಿದೆನೋ, ಕೈಯನ್ನು ನೀರಿಗೆ ಇಳಿಬಿಟ್ಟು ಉದ್ದಕ್ಕೂ ಎಳೆಯುತ್ತ ನಡೆದೆ. ಮೂಲೆಯಲ್ಲಿ ತಿರುಗಿದೆ. ಇನ್ನೂ ಸ್ವಲ್ಪ ದೂರ ಹೋಗಿ ಮೊಣಕಾಲೂರಿ ಕುಳಿತು ಕೈಯನ್ನು ಅಲುಗಿಸದೆ ಹಿಡಿದೆ. ಕೈಯಲ್ಲಿ ಮೀನಿರಲಿಲ್ಲ, ಬೀಗದ ಕೈಯೇ ಇಲ್ಲದವನ ಹತ್ತಿರ ಮೀನೆಲ್ಲಿಂದ ಬರಬೇಕು.

ಅವಳು ಆಚೆ ತುದಿಯಲ್ಲಿದ್ದಳು. ನನಗೆ ಕಾಣಲಿಲ್ಲ, ಸಿಳ್ಳೆ ಅಲ್ಲಿಂದ ಬಂತು. ಆಮೇಲೆ ನಾನು ಕೈ ಇಳಿಸಿದ ಜಾಗದಲ್ಲಿ ನೀರು ಮಗುಚಿದ ಸದ್ದು. ಸದ್ದು ಅಂಚು ಹಿಡಿದು ಬಂತು, ನಾನು ನಡೆದ ದಾರಿಯಲ್ಲೇ. ಮೂಲೆಯಲ್ಲಿ ತಿರುಗಿತು. ನನ್ನ ಅಂಗೈಗೆ ಮೀಸೆ ತಾಗಿತು. ಒದ್ದೆ, ಗಟ್ಟಿ. ಒಂದೊಂದು ಕೂದಲೂ ಬೇರೆ ಬೇರೆಯಾಗಿ ನನ್ನ ಬೆರಳುಗಳನ್ನು ವಿಚಾರಿಸಿತು. ಏನೂ ಇಲ್ಲವೆಂದು ಗೊತ್ತಾದ ಮೇಲೆ ನನ್ನ ಮುಖಕ್ಕೇ 'ಪುಸ್ಸ್' ಎಂದಳು. ಎಂಥಾ ನಾತ. ನಾನು ನಕ್ಕುಬಿಟ್ಟೆ.

ಆಮೇಲೆ ಮುಳುಗಿದಳು. ಕೆಳಗೆಲ್ಲೋ 'ಚಪ್'. ಮೇಲೆ ಬಂದಳು. ಪುಸ್ಸ್, ಸಿಳ್ಳೆ. ಪುಸ್ಸ್, ಸಿಳ್ಳೆ. ಎರಡು ಸಲ.

ಬರಿಗೈ ಮೂಸಿದಾಗ ಒಂದೇ ಸಲ. ಚಪ್ ಆದ ಮೇಲೆ ಎರಡು ಸಲ. ಕೂತು ಕೇಳಿದೆ. ಪ್ರತಿ ಸಲವೂ ಹಾಗೇ. ಇದು ಹತಾಶೆಯಲ್ಲ, ಊಟವಾದ ಮೇಲಿನ ತೇಗು.

ಮೊದಲೇ ಹೀಗೆ ಬರೆದಿದ್ದೆನಾ ಎಂದು ಹಿಂದಿನ ಪುಟ ತಿರುವಿದೆ. ನನ್ನ ಅಕ್ಷರ ನನಗೇ ಓದಲಾಗಲಿಲ್ಲ. ಆತುರದಲ್ಲಿ ಬರೆದಿರಬೇಕು. ಇಲ್ಲ, ಆತುರದಲ್ಲಿ ಬರೆದದ್ದಲ್ಲ.

ನಾಳೆ 'ತಿನ್ನಲಿಲ್ಲ' ಎಂದರೆ ನನ್ನ ಕಣ್ಣು ಉಳಿಯುತ್ತದೆ, ಅವಳ ಮೀಸೆ ಹೋಗುತ್ತದೆ. 'ತಿಂದಳು' ಎಂದರೆ, ಇಷ್ಟು ದಿನ ನೀವು ನೋಡಿದ ಮೀನು ಯಾವುದು ಎಂದು ಕೇಳುತ್ತಾರೆ. ಮೂವತ್ತು ವರ್ಷ ಹದ್ದಣ್ಣ ಅನ್ನಿಸಿಕೊಂಡವನು ಏನು ಹೇಳಲಿ.

ಮಾರ್ಚ್ 28

ಸಭೆಯಲ್ಲಿ ದೊಡ್ಡವರು, "ಹದ್ದಣ್ಣ, ಕಣ್ಣಾರೆ ನೋಡಿದ್ದನ್ನ ಹೇಳಿ, ಮುಗಿಸೋಣ" ಎಂದರು.

"ಕೊಳದಲ್ಲಿ ಮೀನು ಉಳೀತಿರಲಿಲ್ಲ ಸಾರ್. ಅವಳು ದಿನಾ ಎಲ್ಲ ತಿಂತಿದ್ಲು."

"ಮತ್ತೆ ನೀವು ನೋಡಿದ್ದು?"

"ಗುಂಗುರು. ನಮ್ಮ ಮನೇದು."

ಯಾರಿಗೂ ಅರ್ಥವಾಗಲಿಲ್ಲ. ಡಾಕ್ಟರಮ್ಮನಿಗೆ ಆಗಿರಬೇಕು, ಕುರ್ಚಿ ಹತ್ತಿರ ಎಳೆದುಕೊಂಡ ಸದ್ದಾಯಿತು. ಇನ್ನು ಸುತ್ತಿ ಬಳಸಿ ಪ್ರಯೋಜನವಿಲ್ಲ ಎಂದು ಹೇಳಿಯೇಬಿಟ್ಟೆ. "ಬಲಗಣ್ಣಲ್ಲಿ ಕಪ್ಪಗೆ ಏನೋ ಓಡಾಡುತ್ತೆ ಸಾರ್. ಎಡಗಣ್ಣು ಮಂಜು. ನೀವು ಅಲ್ಲಿ ಕೂತಿರೋದು ಗೊತ್ತಾಗ್ತಿದೆ. ನಿಮ್ಮ ಮುಖ ಗೊತ್ತಾಗ್ತಿಲ್ಲ."

ನಾಚಿಕೆಯಿಂದ ಕುಗ್ಗಿಹೋದೆ. ಕೈಗಳನ್ನು ಮೇಜಿನ ಕೆಳಗೆ ಇಟ್ಟುಕೊಂಡೆ.

ಹೋಟೆಲಿನವನು ನಕ್ಕ. "ಚೆನ್ನಾಗಿದೆ. ಕುರುಡನ ಸಾಕ್ಷಿ ಮೇಲೆ ಕುರುಡಿಯನ್ನ ಬಿಡ್ತೀರಾ?"

ದೊಡ್ಡವರು ಮಾತ್ರ, "ಕಾಣಿಸದೆ ಇದ್ದ ಮೇಲೆ ತಿಂದ್ಲು ಅಂತ ಹೇಗೆ ಹೇಳ್ತೀರಿ?" ಎಂದು ನನ್ನನ್ನೇ ಕೇಳಿದರು.

"ಬನ್ನಿ ಸಾರ್, ಕೊಳದ ಹತ್ರ ಕಣ್ಣು ಮುಚ್ಕೊಂಡು ಕೂತ್ಕೊಳ್ಳಿ" ಎಂದೆ.

ದೊಡ್ಡವರು ಕೋಟು ಹಾಕಿಕೊಂಡೇ ಕೊಳದ ಕಟ್ಟೆಯ ಮೇಲೆ ಕುಳಿತರಂತೆ, ಕಣ್ಣು ಮುಚ್ಚಿಕೊಂಡು. ಡಾಕ್ಟರಮ್ಮ ಕೂಡ. ಹೋಟೆಲಿನವನು ಒಪ್ಪದೆ ನಿಂತೇ ಇದ್ದನಂತೆ, ಅಷ್ಟು ಹೊತ್ತೂ ನೀರು ನೋಡಿದರೂ ಅವನಿಗೆ ಏನೂ ಕಾಣಲಿಲ್ಲವಂತೆ. ದೋಣಿಯವನು ಒಂದೊಂದೇ ಮೀನು ಬಿಟ್ಟ. ಚಪ್. ಪುಸ್ಸ್, ಸಿಳ್ಳೆ, ಪುಸ್ಸ್, ಸಿಳ್ಳೆ. ಅವನು ಬಿಟ್ಟದ್ದು ಎಷ್ಟು, ನಮಗೆ ಕೇಳಿಸಿದ್ದು ಎಷ್ಟು ಎಂದು ಕೊನೆಗೆ ಕೂಡಿಸಿದರು. ಎರಡೂ ಒಂದೇ. ಡಾಕ್ಟರಮ್ಮ ತೂಕದ ಮಾತನ್ನೂ ಸೇರಿಸಿದರು.

"ಲಾರಿ ವಾಪಸ್ ಕಳಿಸಿ" ಎಂದರು ದೊಡ್ಡವರು. ಇನ್ನೂ ಕಣ್ಣು ತೆರೆದಿರಲಿಲ್ಲವಂತೆ, ದೋಣಿಯವನು ಹೇಳಿದ.

ಬೀಗದ ಕೈ ವಾಪಸು ಕೊಟ್ಟರು. ಡಾಕ್ಟರಮ್ಮ ನನ್ನ ತೋಳು ಹಿಡಿದು ಬಸ್ಸಿನವರೆಗೆ ಬಂದರು. ಬೇಡ ಎನ್ನಲಿಲ್ಲ.

ಮಾರ್ಚ್ 29

ಭಾವಮೈದುನನ ಅಂಗಡಿಗೆ ಹೋದೆ. ಅವನು ಕಣ್ಣಿಗೆ ದೀಪ ಬಿಟ್ಟು ನೋಡಿದ, ಮತ್ತೊಮ್ಮೆ ನೋಡಿದ. "ಭಾವ, ಇದಕ್ಕೆ ಕನ್ನಡಕ ಸಾಲದು. ಸಕ್ಕರೆ ಕಾಯಿಲೆಯಿಂದ ಒಳಗೆ ರಕ್ತ ಇಳಿದಿದೆ. ದೊಡ್ಡ ಕಣ್ಣಾಸ್ಪತ್ರೆಗೆ ನಾನೇ ಕರ್ಕೊಂಡು ಹೋಗ್ತೀನಿ" ಎಂದ. ಜೀವನದಲ್ಲಿ ಮೊದಲ ಸಲ ಒಬ್ಬರಿಗೆ ಕನ್ನಡಕ ಮಾರಲಿಲ್ಲ, ಅದೂ ನನಗೆ.

ಏಪ್ರಿಲ್ 2

ದೋಣಿಯಲ್ಲಿ ಹೋದೆವು, ಮಹಾರಾಣಿಯೂ ನಾವೂ. ತೊಟ್ಟಿಲಿನಂಥ ಬಟ್ಟೆಯಲ್ಲಿ ಅವಳನ್ನು ಇಳಿಸಿದರು. ಎಲ್ಲರೂ "ಅಗೋ, ಅಗೋ" ಎಂದರು. ನಾನು ಎಂದಿನಂತೆ ಹೂಂ ಎನ್ನಲು ಹೊರಟು ನಿಲ್ಲಿಸಿದೆ.

"ನನಗೆ ಕಾಣ್ತಿಲ್ಲ ಡಾಕ್ಟರಮ್ಮ. ಯಾವ ಕಡೆ ಹೋದ್ಲು, ಹೇಳಿ."

ಅವರು ಹೇಳಿದರು. ತಲೆ ಎತ್ತಿದ್ದು, ಮೀಸೆ ಮುಂದಕ್ಕೆ ಚಾಚಿದ್ದು, ಒಂದು ಸುತ್ತು ಹಾಕಿ ಆಳದ ಕಡೆಗೆ ತಿರುಗಿದ್ದು, ಎಲ್ಲವನ್ನೂ. ಬಹಳ ಚೆನ್ನಾಗಿ ಹೇಳಿದರು. ಅವರದು ಪುಸ್ತಕದ ಕಣ್ಣು ಎಂದಿದ್ದೆ, ಅದನ್ನು ವಾಪಸು ತೆಗೆದುಕೊಳ್ಳುತ್ತೇನೆ.

ಹೆದರಿಕೆ ಇದೆ. ಅಷ್ಟು ದೊಡ್ಡ ನೀರು. ಅವಳಿಗೋ ನನಗೋ, ಯಾರಿಗಾಗಿ ಹೆದರುತ್ತಿದ್ದೇನೆ ಎಂದು ಗೊತ್ತಾಗುತ್ತಿಲ್ಲ.

ಏಪ್ರಿಲ್ 16

ನಾನು ಹೇಳುತ್ತಿದ್ದೇನೆ, ಇವಳು ಬರೆಯುತ್ತಿದ್ದಾಳೆ. ನಾಲ್ಕು ದಿನದ ಹಿಂದೆ ಆಪರೇಷನ್ ಆಯಿತು. ಎರಡು ಕಣ್ಣಿಗೂ ಕಟ್ಟು. ಎಷ್ಟು ನೋಟ ಬರುತ್ತದೆ ಎನ್ನುವುದು ಕಟ್ಟು ಬಿಚ್ಚಿದ ಮೇಲೆ ಗೊತ್ತಾಗಬೇಕು. ಹೇಳಿದ್ದನ್ನು ಹೇಳಿದ ಹಾಗೆ ಬರೆ ಎಂದು ಇವಳಿಗೆ ತಾಕೀತು ಮಾಡಿದ್ದೇನೆ. ಸ್ವಂತ ಬುದ್ಧಿ ಬೆರೆಸಬಾರದು.

(ಆಗಲಿ. ಆದರೆ ಒಂದು ಮಾತು. ಆ 'ಕಣ್ಣು ಪರೀಕ್ಷಿಸಿಕೊಂಡಿರಾ' ಸಾಲು ಪ್ರತಿ ಪುಟದಲ್ಲೂ ಇದೆ. ನನ್ನ ತಮ್ಮ ಮಸಿ ಉಳಿಸಿಲ್ಲ.)

ಕಟ್ಟು ಕಟ್ಟಿಕೊಂಡು ಕುಳಿತಿದ್ದರೆ ಮನೆ ಬೇರೆ ಥರ ಇರುತ್ತದೆ. ಇವಳು ಹಾದುಹೋದರೆ ಕೆನ್ನೆಗೆ ಗಾಳಿ ತಾಗುತ್ತದೆ, ಹೋಗಿ ಸ್ವಲ್ಪ ಹೊತ್ತಾದ ಮೇಲೂ ಸೋಪಿನ ವಾಸನೆ ಉಳಿದಿರುತ್ತದೆ. ನಿನ್ನೆ ಅದೇ ಜಾಡು ಹಿಡಿದು ಗೋಡೆ ಮುಟ್ಟಿಕೊಂಡು ಹೋದೆ. ಇವಳು ಅಡುಗೆಮನೆಗೆ ಹೋಗಿ, ಸ್ಟೂಲು ಎಳೆದು, ಮೇಲಿನ ಕಪಾಟು ತೆಗೆದಿದ್ದಳು. ಇವಳು ಅಲ್ಲಿಂದ ಹೋದ ಮೇಲೆ ನಾನೂ ಸ್ಟೂಲು ಎಳೆದೆ. ಬಿಸ್ಕತ್ತಿನ ಡಬ್ಬಿ ಸಿಕ್ಕಿತು.

(ಇನ್ನೇನು ಬೀಳುತ್ತಿದ್ದರು ಇವರು. ಎರಡು ತಿಂದಿದ್ದಾರೆ. ಡಬ್ಬಿ ಈಗ ಬೇರೆ ಕಡೆ ಇದೆ.)

ಅದೂ ಸಿಗುತ್ತದೆ.

ಇವತ್ತು ದೋಣಿಯವನು ಬಂದಿದ್ದ. ಬರುವಾಗಲೇ ಏದುಸಿರು. "ಅಣ್ಣ, ಆಚೆ ಬಂಡೆಗಳ ಹತ್ರ ಮಹಾರಾಣಿನ ಕಂಡೆ. ಬಾಯಲ್ಲಿ ಇಷ್ಟು ದೊಡ್ಡ ಮೀನು. ಕಣ್ಣಾರೆ ನೋಡಿದೆ."

ಕಣ್ಣಾರೆ ನೋಡಿದೆ ಎನ್ನುವವರ ಮಾತನ್ನು ನಾನು ಈಗ ಅಷ್ಟು ಸುಲಭವಾಗಿ ನಂಬುವುದಿಲ್ಲ. ಕಡಲಲ್ಲಿ ಸೀಲುಗಳಿಗೆ ಬರವೇ? ನನ್ನ ಸಮಾಧಾನಕ್ಕೆಂದು ಹೇಳುತ್ತಿದ್ದರೂ ಹೇಳುತ್ತಿರಬಹುದು, ಒಳ್ಳೆಯವನು.

"ನೋಡಿದ್ದು ಹಾಗಿರಲಿ. ಸದ್ದು ಹೇಗಿತ್ತು?" ಎಂದೆ.

ಅವನು ಮೀಸೆ ಸವರಿಕೊಂಡ ಸದ್ದಾಯಿತು. ನೆನಪಿಸಿಕೊಳ್ಳುತ್ತಿದ್ದ ಎಂದು ಕಾಣುತ್ತದೆ. ಆಮೇಲೆ ಆ ದೊಡ್ಡ ಮೀಸೆಯ ಒಳಗಿನಿಂದ ಜೋರಾಗಿ 'ಪುಸ್ಸ್' ಎಂದ. ಹಿಂದೆಯೇ, ಒಂದು ಹೊಳ್ಳೆ ಒತ್ತಿ ಹಿಡಿದನೋ ಏನೋ, ಸಣ್ಣಗೆ ಸಿಳ್ಳೆ.

"ಎಷ್ಟು ಸಲ?"

"ಎರಡು ಸಲ ಅಣ್ಣ."

ಅವಳೇ.

(ಇವರು ಅಳುತ್ತಿದ್ದಾರೆ. ಬರೆಯಬೇಡ ಎಂದರು. ಕಟ್ಟು ಒದ್ದೆಯಾಗಬಾರದೆಂದು ಆಸ್ಪತ್ರೆಯವರು ಹೇಳಿದ್ದಾರೆ.)